ಐದನೇ ಬಾಗಿಲು

ದೊಡ್ಡಮ್ಮನಿಗೆ ಧಾರಾವಾಹಿ ನೋಡುವ ಚಟ ಇರಲಿಲ್ಲ. ಈ ಮಾತನ್ನು ಆಕೆ ದಿನವೂ ಹೇಳುತ್ತಿದ್ದಳು, ಅದೂ ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಟಿ.ವಿ. ಮುಂದೆ ನಿಂತು. "ನಾನು ಬರೀ ಹಾಡು ಕೇಳೋಕೆ ಬಂದೆ" ಎನ್ನುವಳು. ಹಾಡು ಮುಗಿಯುತ್ತಲೇ ಒಳಗೆ ಹೊರಟುಬಿಡುವಳು. ಹಾಡು ಕೇಳಲು ಕಿವಿ ಸಾಕು, ಅಡುಗೆಮನೆಗೂ ಅದು ಚೆನ್ನಾಗಿಯೇ ಕೇಳಿಸುತ್ತದೆ, ಇದಕ್ಕೆ ಕಣ್ಣು ಯಾಕೆ ಬೇಕು ಎಂದು ಕುರ್ಚಿಯಲ್ಲಿ ಕೂತ ಅವಳ ಅತ್ತೆ ಒಂದು ದಿನವೂ ಕೇಳಲಿಲ್ಲ. ಉತ್ತರ ಗೊತ್ತಿದ್ದರಿಂದ ಕೇಳಲಿಲ್ಲ, ಅಷ್ಟೇ.

ದೊಡ್ಡಮ್ಮ ಆ ಧಾರಾವಾಹಿಯಲ್ಲೇ ಇದ್ದಳು. 'ಎಂಟು ಬಾಗಿಲ ಮನೆ' ಶುರುವಾಗಿ ಹದಿನಾರು ವರ್ಷ. ಅದರಲ್ಲಿ ಮನೆಯ ಹಿರಿಸೊಸೆಯ ಪಾತ್ರ ಇವಳದು. ಕಥೆಯ ಮಕ್ಕಳೆಲ್ಲ ದೊಡ್ಡಮ್ಮ ಎಂದು ಕರೆದು ಕರೆದು, ಬೀದಿಯವರೂ ಹಾಗೇ ಕರೆಯತೊಡಗಿ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಬೇಕರಿಯವನೂ "ಬನ್ನಿ ದೊಡ್ಡಮ್ಮ" ಎನ್ನುತ್ತಿದ್ದ. ಗಂಡನದು ಮುದ್ರಣಾಲಯದಲ್ಲಿ ಸಂಜೆ ಪಾಳಿ. ಹಾಗಾಗಿ ಹಾಡಿನ ಹೊತ್ತಿಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಹಾಡು ಅಂದರೆ ಶುರುವಿನ ಶೀರ್ಷಿಕೆ ಗೀತೆ. "ಬಾಗಿಲಾಚೆ ಬೆಳಕಿದೆ, ಬೆಳಕಿನಾಚೆ ಮನೆಯಿದೆ" ಎಂದು ಹೆಂಗಸೊಬ್ಬಳು ಎಳೆದೆಳೆದು ಹಾಡುತ್ತಾಳೆ. ಡೋಲಿನ ಒಂದೊಂದು ಪೆಟ್ಟಿಗೆ ಒಂದೊಂದು ಬಾಗಿಲು ತೆರೆಯುತ್ತದೆ. ತೆರೆದ ಬಾಗಿಲಲ್ಲಿ ಯಾರೋ ನಮಗೆ ಬೆನ್ನು ಹಾಕಿ ನಿಂತಿರುತ್ತಾರೆ. ಆಮೇಲೆ ತಿರುಗಿ ನಗುತ್ತಾರೆ. ಇವರೆಲ್ಲ ಯಾಕೆ ಬೆನ್ನು ಹಾಕಿಯೇ ನಿಲ್ಲಬೇಕು, ನಾವು ಬರುವುದು ಗೊತ್ತಿದ್ದ ಮೇಲೆ ಮೊದಲೇ ಈ ಕಡೆ ತಿರುಗಿ ನಿಂತರೆ ಗಂಟೇನು ಹೋಗುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೂದಲು ಮಾತ್ರ ಎಲ್ಲರದೂ ಹಾರುತ್ತದೆ; ಆ ಮನೆಯ ಎಂಟು ಬಾಗಿಲಲ್ಲೂ ಹಗಲೂ ರಾತ್ರಿ ಗಾಳಿ. ನಿನ್ನೆಯ ಕಂತಿನಲ್ಲಿ ಅಣ್ಣನ ಹಾಲಿಗೆ ವಿಷ ಬೆರೆಸಿದ ಮೈದುನನೂ ಇವತ್ತು ಹಾಡಿನಲ್ಲಿ ಹಲ್ಲು ಬಿಟ್ಟು ನಗುತ್ತಾನೆ. ಹಾಡಿನಲ್ಲಿ ಪಾಪಪುಣ್ಯ ಇಲ್ಲ.

ಮೊದಲ ವರ್ಷಗಳಲ್ಲಿ ಹಾಡು ಪೂರ್ತಿ ಎರಡು ನಿಮಿಷ ಇತ್ತು. ಮೂರು ಚರಣ. ಬಾಗಿಲುಗಳನ್ನು ನಾಮಫಲಕ ಬರೆಯುವವನೊಬ್ಬ ರಟ್ಟಿನ ಮೇಲೆ ಬರೆದುಕೊಟ್ಟಿದ್ದ. ಹಿಂದಿನಿಂದ ದಾರ ಎಳೆದರೆ ತೆರೆಯುತ್ತಿದ್ದವು, ಮೂರನೆಯದು ಸ್ವಲ್ಪ ಗೊಣಗಿ ತೆರೆಯುತ್ತಿತ್ತು. ಆಗ ಆ ಹಾಡು ಇಡೀ ಬೀದಿಗೆ ಸೇರಿದ್ದಾಗಿತ್ತು. ಮೊದಲ ಚರಣಕ್ಕೆ ಒಲೆ ಆರಿಸಬಹುದು, ಎರಡನೆಯದಕ್ಕೆ ಕುರ್ಚಿ ಎಳೆದು ಮಕ್ಕಳನ್ನು ಗದರಬಹುದು, ಮೂರನೆಯದಕ್ಕೆ ಪಕ್ಕದ ಮನೆಯವರ ಜೊತೆಗಿನ ಜಗಳವನ್ನು ನಾಳೆಗೆ ಮುಂದೂಡಿ ಒಳಗೆ ಬಂದು ಕೂರಬಹುದು. ಆಮೇಲೆ ಕಂಪ್ಯೂಟರ್ ಬಂತು. ಒಂದು ವರ್ಷ ಬಾಗಿಲಿಂದ ಹೂವಿನ ಎಸಳು ಉದುರಿದವು, ಇನ್ನೊಂದು ವರ್ಷ ಚಿನ್ನದ ಪುಡಿ, ಮತ್ತೊಂದು ವರ್ಷ ಯಾಕೋ ಬೆಂಕಿ. ಒಂದು ಚರಣ ಹೋಯಿತು, ಇನ್ನೊಂದೂ ಹೋಯಿತು. ಬಿಸಿನೀರಲ್ಲಿ ಒಗೆದ ಸ್ವೆಟರಿನ ಹಾಗೆ ಹಾಡು ವರ್ಷ ವರ್ಷ ಕುಗ್ಗಿತು. ಈಗ ಕುರ್ಚಿಯಿಂದ ಏಳುವಷ್ಟರಲ್ಲಿ ಮುಗಿದಿರುತ್ತದೆ.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಐದನೇ ಬಾಗಿಲೊಂದೇ. ಅದು ದೊಡ್ಡಮ್ಮನ ಬಾಗಿಲು. ಉಳಿದ ಏಳು ಜನ ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ತಿರುಗಿ ನಕ್ಕು ಹೋಗುತ್ತಿದ್ದರು. ದೊಡ್ಡಮ್ಮನ ಸರದಿ ಬಂದಾಗಲೆಲ್ಲ ಅವಳಿಗೆ ನೆಗಡಿ. ನೆಗಡಿ ಇಲ್ಲದಿದ್ದರೆ ಕಣ್ಣಿಗೆ ಕುರು. ಅದೂ ಇಲ್ಲದಿದ್ದರೆ ದೂರದ ನೆಂಟರ ಮನೆಯಲ್ಲಿ ಯಾರಿಗೋ ಮೈಗೆ ಹುಷಾರಿಲ್ಲ. ಆ ನೆಂಟರು ಯಾರು ಎಂದು ಅವಳ ಗಂಡನಿಗೂ ಗೊತ್ತಿರಲಿಲ್ಲ. ಹೀಗೆ ಐದನೇ ಬಾಗಿಲಲ್ಲಿ ಹದಿನಾರು ವರ್ಷದ ಹಿಂದಿನ ಹುಡುಗಿಯೇ ಉಳಿದಳು. ತೆಳ್ಳಗೆ, ಜಡೆ ಭುಜದ ಮೇಲಿಂದ ಹಾರುತ್ತಾ, ತಿರುಗಿ, ಮುಖವೆಲ್ಲ ನಗು. ಉಳಿದವರಂತೆ ಕ್ಯಾಮೆರಾಕ್ಕೆಂದು ಹಚ್ಚಿಕೊಂಡ ನಗುವಲ್ಲ ಅದು, ತಡೆಯಲಾಗದೆ ಬಂದ ನಗು. ಜನ ಆ ನಗುವಿಗೋಸ್ಕರವೇ ಹಾಡು ನೋಡುತ್ತಿದ್ದರು. ಹಾಡು ಮುಗಿದು ಮೊದಲ ದೃಶ್ಯ ಬಂದರೆ ಅದೇ ಹೆಂಗಸು ಗಲ್ಲದ ಕೆಳಗೆ ಇನ್ನೊಂದು ಗಲ್ಲ ಹೊತ್ತು, ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬರುವಳು.

"ಹಾಡಿನವಳು ಬೇರೆ, ಕಥೆಯವಳು ಬೇರೆ" ಎನ್ನುತ್ತಿದ್ದಳು ಅತ್ತೆ. "ಹಾಡಿನವಳನ್ನ ಕಥೆಯವಳು ತಿಂದುಬಿಟ್ಟಿದ್ದಾಳೆ ಅಂತ ಕಾಣುತ್ತೆ."

ದೊಡ್ಡಮ್ಮ ಇದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಗೆ ನೋಡಿದರೆ ಆ ನಗುವಿಗೆ ಕಾರಣವೇ ಅತ್ತೆ. ದೊಡ್ಡಮ್ಮ ಮದುವೆಯಾಗಿ ಬಂದು ಆಗ ಮೂರು ತಿಂಗಳು. ಸೊಸೆ ನಟನೆಗೆ ಹೋಗುತ್ತಾಳೆಂದರೆ ಅತ್ತೆಗೆ ನಂಬಿಕೆ ಇರಲಿಲ್ಲ. ತಾನೂ ಬರುತ್ತೇನೆಂದು ಹೊರಟು, ಸ್ಟುಡಿಯೋದಲ್ಲಿ ಕ್ಯಾಮೆರಾದ ಹಿಂದೆ ಸ್ಟೂಲು ಹಾಕಿಸಿಕೊಂಡು ಕಾವಲು ಕೂತಿದ್ದಳು. ನಿರ್ದೇಶಕ ತಿರುಗು ಅಂದ, ಹುಡುಗಿ ತಿರುಗಿದಳು. ನಗು ಅಂದ, ಹಲ್ಲಿನ ಡಾಕ್ಟರಿಗೆ ತೋರಿಸುವಂತೆ ಬಾಯಿ ತೆರೆದಳು. ಮತ್ತೆ ತಿರುಗು, ಮತ್ತೆ ನಗು. ಮಧ್ಯಾಹ್ನವಾದರೂ ಮುಗಿಯಲಿಲ್ಲ. ಆಗ ಅತ್ತೆ ಸ್ಟೂಲಿನಿಂದಲೇ ಅಂದಳು:

"ಸಾಕು ಮಾಡಪ್ಪ. ಇವಳ ಕುತ್ತಿಗೆ ಉಳುಕಿದ್ರೆ ನಾಳೆ ನಮ್ಮನೆ ಪಾತ್ರೆ ನೀನು ಬಂದು ತೊಳೀತೀಯಾ?"

ನಿರ್ದೇಶಕನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಕ್ಯಾಮೆರಾ ಓಡುತ್ತಿತ್ತು, ಅದೇ ಗಳಿಗೆಯಲ್ಲಿ ತಿರುಗಿದ ಹುಡುಗಿ ನಗು ತಡೆಯಲಾರದೆ ನಕ್ಕುಬಿಟ್ಟಿದ್ದಳು. ಆ ತುಣುಕನ್ನು ಹೆಕ್ಕಿ ಹಾಡಿಗೆ ಸೇರಿಸಿದವನು ಸಂಕಲನಕಾರ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಆಮೇಲೆ ವರ್ಷ ವರ್ಷ ಹಾಡನ್ನು ಕುಗ್ಗಿಸುತ್ತಾ ಬಂದವನೂ ಅವನೇ.

ಒಂದು ಸೋಮವಾರ ಎಂದಿನಂತೆ ಹಾಡು ಬಂತು. ದೊಡ್ಡಮ್ಮ ಬಂದು ನಿಂತಳು. ನಾಲ್ಕನೇ ಬಾಗಿಲು ತೆರೆಯಿತು, ಮೈದುನ ನಕ್ಕ. ಐದನೇ ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಹೊಸ್ತಿಲಲ್ಲಿ ಒಂದು ಹೂಕುಂಡ ಇತ್ತು. ಆರನೇ ಬಾಗಿಲು ತೆರೆಯಿತು.

"ನಿನ್ನ ಜಾಗದಲ್ಲಿ ಕುಂಡ ಇಟ್ಟಿದ್ದಾರೆ ಕಣೇ" ಅಂದಳು ಅತ್ತೆ. ಕಣ್ಣು ಕಿರಿದು ಮಾಡಿ ನೋಡಿ, "ಅದೂ ಪ್ಲಾಸ್ಟಿಕ್ಕಿನ ಹೂವು."

ದೊಡ್ಡಮ್ಮನಿಗೆ ಇದರ ಅರ್ಥ ಕೂಡಲೇ ಗೊತ್ತಾಯಿತು. ಯಾಕೆಂದರೆ ಆ ಧಾರಾವಾಹಿಯಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಯಾರು ಸಾಯಬೇಕೋ ಅವರು ಮೊದಲು ಹಾಡಿನಿಂದ ಹೋಗುತ್ತಿದ್ದರು. ಹೊಸ ವಾರದ ಹಾಡನ್ನು ಕತ್ತರಿ ಸೋಮವಾರಕ್ಕೇ ಸಿದ್ಧಮಾಡಬೇಕು, ಕಥೆಯಲ್ಲಿ ಸಾವು ವಾರದ ಕೊನೆಗೆ ಬರುತ್ತದೆ, ಹಾಗಾಗಿ ನಡುವಿನ ದಿನಗಳಲ್ಲಿ ಮನುಷ್ಯ ಕಥೆಯಲ್ಲಿ ಊಟ ಮಾಡುತ್ತಾ, ಜಗಳವಾಡುತ್ತಾ ಓಡಾಡಿಕೊಂಡಿದ್ದರೂ ನೋಡುವವರಿಗೆ ಅವನ ಗತಿ ಗೊತ್ತಾಗಿಬಿಟ್ಟಿರುತ್ತಿತ್ತು. ಮಾವನ ಪಾತ್ರಧಾರಿ ಹೀಗೇ ಹೋದ. ಚಿಕ್ಕ ನಾದಿನಿ ದೋಣಿ ಹತ್ತುವ ಮುಂಚೆಯೇ ಬೀದಿಯವರು ಅವಳಿಗಾಗಿ ಅತ್ತು ಮುಗಿಸಿದ್ದರು.

ಹಾಡು ಮುಗಿದ ಕೂಡಲೇ ಫೋನು ಬಡಿದುಕೊಳ್ಳತೊಡಗಿತು. ದೂರದ ನೆಂಟರು, ಈ ಸಲ ನಿಜವಾದವರು, ಸಮಾಧಾನ ಹೇಳಿದರು. ಬೆಳಿಗ್ಗೆ ಬೇಕರಿಯವನು ಬ್ರೆಡ್ಡಿನ ಜೊತೆ ಒಂದು ಬನ್ನು ಸೇರಿಸಿಕೊಟ್ಟು, "ಎಷ್ಟು ವರ್ಷದಿಂದ ನೋಡಿದೀವಿ ದೊಡ್ಡಮ್ಮ, ತುಂಬ ಒಳ್ಳೆಯವರಾಗಿದ್ರಿ" ಅಂದ. ಇನ್ನೂ ಬದುಕಿರುವವಳು ಆ ಬನ್ನು ಹಿಡಿದುಕೊಂಡು ಮನೆಗೆ ಬಂದಳು.

ಸ್ಟುಡಿಯೋದಲ್ಲಿ ಎಲ್ಲರೂ ಅವಳೊಡನೆ ಅತಿ ಮೆತ್ತಗೆ ಮಾತಾಡಿದರು. ಮೇಕಪ್ಪಿನವಳು ಪೌಡರ್ ಹಚ್ಚುವ ನೆಪದಲ್ಲಿ ಮುಖ ಸವರಿದಳು. ಚಹಾದವನು ಕೇಳದೆಯೇ ಸಕ್ಕರೆ ಜಾಸ್ತಿ ಹಾಕಿದ. ಕಥೆ ಬರೆಯುವವನು ಮಾತ್ರ ಅವಳನ್ನು ಕಂಡ ಕೂಡಲೇ ಶೌಚಾಲಯದ ಕಡೆ ಓಡಿದ. ದೊಡ್ಡಮ್ಮ ಬಾಗಿಲ ಹೊರಗೆ ಕಾದು ನಿಂತಳು. ಎಷ್ಟು ಹೊತ್ತು ಅಂತ ಒಳಗೇ ಇರುತ್ತಾನೆ, ಬಂದ.

"ಹೇಗೆ?" ಅಂದಳು ದೊಡ್ಡಮ್ಮ.

"ಮೆಟ್ಟಿಲು" ಅಂದ ಆತ ನೆಲ ನೋಡುತ್ತಾ. "ಶುಕ್ರವಾರ ಶೂಟಿಂಗು. ಮೆಟ್ಟಿಲಿಂದ ಬೀಳ್ತೀರಿ."

"ಹದಿನಾರು ವರ್ಷ ಹತ್ತಿಳಿದ ಮೆಟ್ಟಿಲಿಂದ?"

"ನೀವು ಇಳಿಯೋದನ್ನ ನೋಡಿ ಜನಕ್ಕೆ ಅಭ್ಯಾಸ ಆಗಿದೆ ದೊಡ್ಡಮ್ಮ. ನಂಬ್ತಾರೆ."

"ನನ್ನನ್ನ ಸಾಯಿಸು ಅಂತ ನಿಂಗೆ ಹೇಳಿದ್ಯಾರು?"

"ಯಾರೂ ಹೇಳಲಿಲ್ಲ. ನಾನೂ ಸೋಮವಾರ ಟಿ.ವಿ. ನೋಡಿದೆ, ಹಾಡಲ್ಲಿ ನೀವಿರಲಿಲ್ಲ. ಮೇಲಿನವರು ತೀರ್ಮಾನ ಮಾಡಿರ್ತಾರೆ ಅಂದ್ಕೊಂಡು ಬರೆದೆ." ಆಮೇಲೆ ಅವನ ಮುಖ ಅರಳಿತು. "ಆದ್ರೆ ದೃಶ್ಯ ಬಹಳ ಚೆನ್ನಾಗಿ ಬಂದಿದೆ. ನೀವು ಕಣ್ಣು ಮುಚ್ಚಿದ ಮೇಲೆ ಆ ಹಳೇ ನಗು ಇದೆಯಲ್ಲ, ಅದನ್ನ ನಿಧಾನ ಮಾಡಿ, ಪೂರ್ತಿ ಮೂರು ಚರಣಾನೂ ಹಾಕಿ ತೋರಿಸ್ತೀವಿ. ಮೊದಲಿನ ಹಾಗೇ ಎರಡು ನಿಮಿಷ. ಬರೀ ನೀವೇ. ಎಲ್ಲರ ಮನೇಲೂ ಅಳ್ತಾರೆ."

ದೊಡ್ಡಮ್ಮ ಜಗಳ ಮಾಡಲೆಂದೇ ಬಂದವಳು. ಆದರೆ ಈ ಮಾತು ಕೇಳಿ ಜಗಳವನ್ನೇ ಮರೆತಳು. ಎರಡು ನಿಮಿಷ, ಬರೀ ಅವಳೇ. ತೆಳ್ಳಗೆ, ನಗುತ್ತಾ, ಇನ್ನು ಮುಂದೆ ಯಾವ ದೃಶ್ಯದಲ್ಲೂ ಏದುಸಿರು ಬಿಡುತ್ತಾ ಬಂದು ಅದನ್ನು ಹಾಳು ಮಾಡುವವರಿಲ್ಲ. ಸತ್ಯ ಹೇಳಬೇಕೆಂದರೆ ಅವಳಿಗೆ ಆಸೆಯಾಯಿತು.

ಅದೇ ಆಸೆ ಹೊತ್ತು ಅವಳು ಕತ್ತರಿಯ ಕೋಣೆಗೆ ಹೋದಳು. ಕಿಟಕಿಯಿಲ್ಲದ ಸಣ್ಣ ಕೋಣೆ, ಗೋಡೆಯ ಕಪಾಟಿನ ತುಂಬ ಹಳೇ ಟೇಪುಗಳು. ಅವಳನ್ನು ಕಂಡ ಕೂಡಲೇ ಕತ್ತರಿ ನಾಲಿಗೆ ಕಚ್ಚಿಕೊಂಡ.

"ನಿಮ್ಮನ್ನ ಸಾಯ್ಸೋಕೆ ನಾನ್ಯಾರು ದೊಡ್ಡಮ್ಮ? ಹಾಡನ್ನ ಈಗಿನ ಅಗಲದ ಪರದೆಗೆ ಹೊಂದಿಸಿ ಅಂದ್ರು. ನಿಮ್ಮ ಹಳೇ ತುಣುಕು ಚೌಕದ್ದು. ಎಳೆದು ನೋಡಿದೆ." ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಆ ಹುಡುಗಿ ಬಂದಳು, ನಾದಿ ಲಟ್ಟಿಸಿದ ಹಿಟ್ಟಿನಂತೆ ಮುಖ ಅಗಲವಾಗಿ. "ಇದಕ್ಕಿಂತ ಕುಂಡ ವಾಸಿ ಅನ್ನಿಸ್ತು. ನೀವು ಬಂದು ಹೊಸದಾಗಿ ತಿರುಗೋವರೆಗೆ ಅಂತ ಇಟ್ಟೆ. ನೀವು ಬಂದಿದ್ರೆ ತಾನೆ? ಮೂರು ಸಲ ಹೇಳಿ ಕಳಿಸಿದೆ. ಮೂರು ಸಲಾನೂ ನೆಗಡಿ."

"ಮೇಲಿನವರು?"

"ಅವರನ್ನ ಬೆಳಿಗ್ಗೆ ಕೇಳಿದೆ. ಕಥೆ ಬರೆಯೋರು ತೀರ್ಮಾನ ಮಾಡಿರಬೇಕು ಅಂದ್ಕೊಂಡಿದ್ದಾರೆ. ಹಾಡಲ್ಲಿದ್ರೆ ಇರ್ಲಿ, ಇಲ್ಲದಿದ್ರೆ ಹೋಗ್ಲಿ, ನಮಗೆ ಎರಡೂ ಒಂದೇ ಅಂದ್ರು."

ಹೀಗೆ ಯಾರೂ ಕೊಲ್ಲಲು ಹೊರಡದೆ ದೊಡ್ಡಮ್ಮನ ಕೊಲೆ ಮುಕ್ಕಾಲು ಮುಗಿದಿತ್ತು. ಉಳಿದದ್ದು ಅವಳ ಕೈಯಲ್ಲೇ ಇತ್ತು. ಶುಕ್ರವಾರದ ಶೂಟಿಂಗಿಗೆ ಮೊದಲು, ಗುರುವಾರವೇ ಬಂದು ಹೊಸದಾಗಿ ತಿರುಗಿದರೆ ಮುಂದಿನ ಸೋಮವಾರ ಐದನೇ ಬಾಗಿಲಲ್ಲಿ ಅವಳಿರುತ್ತಾಳೆ, ಮೆಟ್ಟಿಲು ತಪ್ಪುತ್ತದೆ. ಆದರೆ ಇರುವವಳು ಈಗಿನವಳು, ಎರಡು ಗಲ್ಲದವಳು. ಬಾರದಿದ್ದರೆ ಮೆಟ್ಟಿಲು, ಆಮೇಲೆ ಎರಡು ನಿಮಿಷ.

ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ದೊಡ್ಡಮ್ಮ ಎಲ್ಲವನ್ನೂ ಹೇಳಿದಳು. ಕೊನೆಗೆ, "ಸತ್ತುಬಿಡೋದೇ ವಾಸಿ ಅನ್ನಿಸ್ತಿದೆ ಅತ್ತೆ" ಅಂದಳು.

"ಮಂಡಿ ಕೆಳಗೆ ಹಚ್ಚು" ಅಂದಳು ಅತ್ತೆ.

"ನೋಡಿದವರ ನೆನಪಲ್ಲಿ ಹಾಗೇ ಉಳಿದುಬಿಡ್ತೀನಿ. ಈ ಮುಖ ತಗೊಂಡು ಹೋಗಿ ಆ ಬಾಗಿಲಲ್ಲಿ ನಿಂತ್ರೆ ಜನ ಇದೂ ಹೋಯ್ತಲ್ಲ ಅಂತಾರೆ. ಆ ಹುಡುಗಿ ಎಷ್ಟು ಚೆನ್ನಾಗಿದ್ಲು, ನೀವೇ ಹೇಳಿ."

ಅತ್ತೆ ಕಾಲನ್ನು ಎಳೆದುಕೊಂಡು, ಇನ್ನೊಂದು ಕಾಲು ಚಾಚಿದಳು.

"ನಂಗೆ ಆ ಹುಡುಗಿ ಅಷ್ಟಾಗಿ ಗೊತ್ತಿಲ್ಲ" ಅಂದಳು. "ಬಂದು ಮೂರು ತಿಂಗಳಾಗಿತ್ತು. ಏನು ತಿಂತಾಳೆ, ಯಾವಾಗ ಅಳ್ತಾಳೆ ಒಂದೂ ಗೊತ್ತಿರಲಿಲ್ಲ. ಸ್ವಲ್ಪ ಭಯಾನೂ ಇತ್ತು, ಮಗನ್ನ ಕರ್ಕೊಂಡು ಹೊರಟುಬಿಟ್ರೆ ಅಂತ. ನಂಗೆ ಆಸ್ಪತ್ರೇಲಿ ಚಮಚದಲ್ಲಿ ಗಂಜಿ ಕುಡಿಸಿದವಳು ಅವಳಲ್ಲ. ನಾನು ಬೈದ್ರೆ ತಿರುಗಿ ಬೈಯೋಳೂ ಅವಳಲ್ಲ. ನಂಗೆ ಗೊತ್ತಿರೋದು ಆಮೇಲಿನವಳು."

ದೊಡ್ಡಮ್ಮನ ಕೈ ನಿಂತಿತು.

"ಅವಳನ್ನ ಮೆಟ್ಟಿಲಿಂದ ತಳ್ಳಿದ್ರೆ ನಾನು ಸಂಜೆ ಯಾರ ಮುಖ ನೋಡ್ಲಿ? ಕುಂಡದ್ದಾ? ಹಚ್ಚೋದು ಯಾಕೆ ನಿಲ್ಲಿಸಿದೆ?"

ದೊಡ್ಡಮ್ಮ ಮತ್ತೆ ಹಚ್ಚಿದಳು. ಎಣ್ಣೆಯ ಜೊತೆ ಒಂದೆರಡು ಹನಿ ಕಣ್ಣೀರೂ ಸೇರಿತು. ಅತ್ತೆ ಅದನ್ನು ನೋಡಿಯೂ ನೋಡದವಳಂತೆ ಗೋಡೆಯ ಗಡಿಯಾರ ನೋಡಿದಳು.

ಗುರುವಾರ ಅತ್ತೆಯೂ ಹೊರಟು ನಿಂತಳು. ದೊಡ್ಡಮ್ಮ ಬೇಡವೆಂದಳು. ಮಂಡಿ ನೋವು, ಸ್ಟುಡಿಯೋಕ್ಕೆ ಮೆಟ್ಟಿಲು ಜಾಸ್ತಿ, ಅಲ್ಲಿ ಕೂರಲು ಜಾಗವಿಲ್ಲ ಎಂದು ತನಗೆ ತಿಳಿದ ನೆಪಗಳನ್ನೆಲ್ಲ ಹೇಳಿದಳು. ನೆಪ ಹೇಳುವುದರಲ್ಲಿ ಅವಳಿಗೆ ಹದಿನಾರು ವರ್ಷದ ಅನುಭವ, ಆದರೂ ಅತ್ತೆಯ ಮುಂದೆ ನಡೆಯಲಿಲ್ಲ. ಕೊನೆಗೆ ಒಂದು ಷರತ್ತಿಗೆ ಒಪ್ಪಿದಳು.

"ಬಾಯಿ ಬಿಡಬಾರದು. ಈಗಿನ ನಿರ್ದೇಶಕ ಸಣ್ಣ ವಯಸ್ಸಿನವನು, ಮೂಗಿನ ತುದೀಲೇ ಸಿಟ್ಟು. ಒಂದು ಮಾತು ಆಡಿದ್ರೂ ನಾನು ಅಲ್ಲಿಂದ ಎದ್ದು ಬಂದುಬಿಡ್ತೀನಿ."

"ನನ್ನ ಮಗನಾಣೆ, ತುಟಿ ಬಿಚ್ಚಲ್ಲ" ಅಂದಳು ಅತ್ತೆ.

ಈಗ ರಟ್ಟಿನ ಬಾಗಿಲಿರಲಿಲ್ಲ. ಹಸಿರು ಬಟ್ಟೆ ಕಟ್ಟಿದ್ದರು, ಬಾಗಿಲನ್ನು ಕತ್ತರಿ ಆಮೇಲೆ ಕಂಪ್ಯೂಟರಿನಲ್ಲಿ ಇಡುತ್ತಾನಂತೆ. ಫ್ಯಾನು ಮಾತ್ರ ಹಳೆಯದೇ, ಅದೇ ಕರಕರ ಸದ್ದು. ದೊಡ್ಡಮ್ಮ ಬೆನ್ನು ಹಾಕಿ ನಿಂತಳು. ತಿರುಗಿದಳು, ನಕ್ಕಳು. "ಚೆನ್ನಾಗಿದೆ, ಇನ್ನೊಂದು" ಅಂದ ನಿರ್ದೇಶಕ. ಮತ್ತೆ ತಿರುಗಿದಳು. "ಚೆನ್ನಾಗಿದೆ, ಇನ್ನೊಂದು." ಅವನು ಯಾವುದಕ್ಕೂ ಚೆನ್ನಾಗಿಲ್ಲ ಅನ್ನಲಿಲ್ಲ, ಯಾವುದನ್ನೂ ತೆಗೆದುಕೊಳ್ಳಲೂ ಇಲ್ಲ. ದೊಡ್ಡಮ್ಮನಿಗೆ ಪ್ರತಿ ಸಲ ತಿರುಗುವಾಗಲೂ ಗಲ್ಲದ ಯೋಚನೆ. ಗಲ್ಲ ಮುಚ್ಚಲು ಹೋದರೆ ಕುತ್ತಿಗೆ ಸೆಟೆಯಿತು, ಕುತ್ತಿಗೆ ಸಡಿಲಿಸಿದರೆ ಹೊಟ್ಟೆ ಮುಂದೆ ಬಂತು. ಕೆನ್ನೆ ನೋಯತೊಡಗಿತು. ಆ ಹಳೇ ಹುಡುಗಿ ಎಲ್ಲೋ ನಿಂತು ಇದನ್ನೆಲ್ಲ ನೋಡಿ ನಗುತ್ತಿದ್ದಾಳೆ ಅನ್ನಿಸಿತು. ಕತ್ತರಿ ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಕಥೆ ಬರೆಯುವವನು ಒಮ್ಮೆ ಇಣುಕಿ, ಮೆಟ್ಟಿಲಿನ ದೃಶ್ಯ ಉಳಿಯುವ ಆಸೆ ಇಟ್ಟುಕೊಂಡು ಹೋದ.

ಅತ್ತೆ ಮಾತಾಡಲಿಲ್ಲ. ಕ್ಯಾಮೆರಾದ ಹಿಂದೆ, ಅದೇ ಜಾಗದಲ್ಲಿ, ಸ್ಟೂಲಿನ ಮೇಲೆ ಕೂತವಳು ಆಡಿದ ಮಾತು ಉಳಿಸಿಕೊಂಡಿದ್ದಳು. ಅದೇ ದೊಡ್ಡಮ್ಮನಿಗೆ ವಿಚಿತ್ರ ಅನ್ನಿಸತೊಡಗಿತು. ಇಷ್ಟು ಹೊತ್ತು ಆ ಬಾಯಿ ಸುಮ್ಮನಿದ್ದುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಮುದುಕಿಗೆ ಏನಾದರೂ ಆಯಿತೇ? ತಲೆ ಸುತ್ತು ಬಂತೇ? ಬೆನ್ನು ಹಾಕಿ ನಿಂತಲ್ಲೇ ಅವಳಿಗೆ ಗಾಬರಿಯಾಯಿತು. "ತಿರುಗಿ" ಎಂದು ನಿರ್ದೇಶಕ ಹೇಳುವ ಮೊದಲೇ, ಗಲ್ಲ ಕುತ್ತಿಗೆ ಎಲ್ಲ ಮರೆತು, ಅತ್ತೆ ಹೇಗಿದ್ದಾಳೆಂದು ನೋಡಲು ತಿರುಗಿದಳು.

ಅತ್ತೆ ಶಾಲಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಅದರ ಮೇಲೆ ಎರಡೂ ಅಂಗೈ ಒತ್ತಿ ಹಿಡಿದಿದ್ದಳು. ಆಡದ ಮಾತೆಲ್ಲ ಮೇಲೇರಿ ಕಣ್ಣುಗುಡ್ಡೆಗಳು ಹೊರಗೆ ಬಂದಿದ್ದವು. ಮುಖ ಕೆಂಪಗಾಗಿತ್ತು. ನಿರ್ದೇಶಕನ ಬೆನ್ನನ್ನೇ ನುಂಗುವಂತೆ ನೋಡುತ್ತಾ, ಉಸಿರು ಬಿಗಿಹಿಡಿದು, ಮಗನ ಆಣೆ ಕಾಯುತ್ತಾ ಕೂತಿದ್ದಳು.

ದೊಡ್ಡಮ್ಮ ನಕ್ಕಳು. ಹೊಟ್ಟೆ ಕುಣಿಯಿತು, ಎರಡು ಗಲ್ಲವೂ ಕುಣಿದವು, ಕಣ್ಣಲ್ಲಿ ನೀರು ಬಂತು. ಫ್ಯಾನಿನ ಗಾಳಿಗೆ ಕೂದಲು ಬಾಯಿಗೆ ಬಂದರೂ ಸರಿಮಾಡಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ. ಕತ್ತರಿ ಮೂಲೆಯಿಂದ ಎದ್ದು, "ಸಾಕು, ಇದೇ" ಅಂದ. ನಿರ್ದೇಶಕ, "ಚೆನ್ನಾಗಿದೆ, ಇನ್ನೊಂದು" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಶಾಲು ಹೊರಗೆ ತೆಗೆದಿದ್ದರಿಂದ ಮುಚ್ಚಿದ.

ಶುಕ್ರವಾರ ಮೆಟ್ಟಿಲಿಂದ ಬಿದ್ದವನು ಮೈದುನ. ಬರೆದ ದೃಶ್ಯ ಹಾಳಾಗಬಾರದೆಂದು ಕಥೆಗಾರ ಹೆಸರು ತಿದ್ದಿಕೊಂಡಿದ್ದ. ಪಾಪ, ಅವನಿಗೆ ಹಾಡು ಮುನ್ಸೂಚನೆಯನ್ನೂ ಕೊಡಲಿಲ್ಲ. ಸಾಯುವ ದಿನದವರೆಗೂ ನಾಲ್ಕನೇ ಬಾಗಿಲಲ್ಲಿ ನಗುತ್ತಲೇ ಇದ್ದ.

ಸೋಮವಾರ ದೊಡ್ಡಮ್ಮ ಅಡುಗೆಮನೆಯಲ್ಲೇ ಉಳಿದಳು. ಹಾಡು ಕೇಳಿಸಿತು, ಡೋಲು ಶುರುವಾಯಿತು. ಅವಳಿಗೆ ಹೊರಗೆ ಬರಲು ಧೈರ್ಯವಿರಲಿಲ್ಲ.

"ಬಾರೇ" ಎಂದು ಅತ್ತೆ ಕೂಗಿದಳು. "ಐದನೇದು ಬರುತ್ತೆ."

ದೊಡ್ಡಮ್ಮ ಬಂದು ಕುರ್ಚಿಯ ಹಿಂದೆ ನಿಂತಳು. ನಾಲ್ಕನೇ ಬಾಗಿಲಲ್ಲಿ ಅದೇ ಕುಂಡ ಇತ್ತು. ಐದನೆಯದು ತೆರೆಯಿತು. ದಪ್ಪ ಹೆಂಗಸೊಬ್ಬಳು ಗಾಬರಿಯಿಂದ ತಿರುಗಿ, ಏನನ್ನೋ ಕಂಡು, ಮೈಯೆಲ್ಲ ಕುಣಿಸಿ ನಕ್ಕಳು. ಎಲ್ಲ ಸೇರಿ ಎರಡು ಸೆಕೆಂಡು. ಪಕ್ಕದ ಮನೆಯಿಂದ ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ಅದು ಗೇಲಿಯ ನಗುವಲ್ಲ, ಅಂಟಿಕೊಂಡ ನಗು.

ಹಾಡು ಮುಗಿಯಿತು. ಕಥೆಯವಳು ಮೆಟ್ಟಿಲಿಳಿಯಲು ಶುರುಮಾಡಿದಳು. ಆಸ್ಪತ್ರೆಯ ದಿನಗಳನ್ನು ಬಿಟ್ಟರೆ ಹದಿನಾರು ವರ್ಷದಲ್ಲಿ ಒಂದು ಕಂತನ್ನೂ ತಪ್ಪಿಸದ ಅತ್ತೆ ರಿಮೋಟು ತೆಗೆದುಕೊಂಡು ಟಿ.ವಿ. ಆರಿಸಿಬಿಟ್ಟಳು.

"ಯಾಕತ್ತೆ? ಈಗ ತಾನೆ ಶುರುವಾಯ್ತು."

"ನಾನೂ ಬರೀ ಹಾಡು ನೋಡೋಕೆ ಕೂತಿದ್ದೆ" ಅಂದಳು ಅತ್ತೆ. "ಕಥೆಯವಳು ಇಲ್ಲೇ ನಿಂತಿದ್ದಾಳಲ್ಲ. ಹೋಗು, ಒಲೆ ಮೇಲೆ ಏನೋ ಸೀಯ್ತಿದೆ."